ಬೆಟ್ಟ ಹೇಳುವ ಸುಳ್ಳು

ಗಾಲ್ಫ್ ಆಟವನ್ನು ಕುರಿತು ಹದಿನೈದು ನಿಮಿಷ ಮಾತನಾಡಬೇಕೆಂದು ನಿಲಯದವರು ಕೇಳಿದಾಗ ನನಗೆ ಸಂಕೋಚವೇ ಆಯಿತು. ನಮ್ಮ ಜನ ಈ ಆಟವನ್ನು ಹಣವಂತರು ಹೊತ್ತು ಕಳೆಯುವ ಒಂದು ಉಪಾಯವೆಂದು ಬಗೆದಿದ್ದಾರೆ. ಹಾಗೆ ಬಗೆದದ್ದು ತೀರ ತಪ್ಪೆಂದು ನಾನೂ ಹೇಳಲಾರೆ. ಬ್ರಿಟಿಷ್ ದ್ವೀಪಗಳ ಹೊರಗೆ ಮೊಟ್ಟಮೊದಲು ಗಾಲ್ಫ್ ಕ್ಲಬ್ಬು ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ, 1829ರಲ್ಲಿ. ಬೆಂಗಳೂರಿನ ಕ್ಲಬ್ಬು 1876ರದು. ಇಷ್ಟು ಹಳೆಯ ನಂಟಿದ್ದರೂ ನಮ್ಮಲ್ಲಿ ಅದು ಬೇಲಿಯಾಚೆಯ ಆಟವಾಗಿಯೇ ಉಳಿಯಿತು.

ನಾನು ಬೇಲಿಯೊಳಕ್ಕೆ ಹೋದದ್ದು ಲೆಕ್ಕ ಬರೆಯುವವನಾಗಿ. ಕಾಫಿ ಸೀಮೆಯ ಒಂದು ತೋಟದಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ ಅಲ್ಲಿನ ತೋಟಗಾರರ ಕ್ಲಬ್ಬಿಗೆ ಒಂಬತ್ತು ಕುಳಿಗಳ ಪುಟ್ಟ ಮೈದಾನವೊಂದಿತ್ತು. ವಾರದ ನಡುವೆ ಅಲ್ಲಿ ದನಗಳ ಹೊರತು ಮತ್ತಾರೂ ಇರುತ್ತಿರಲಿಲ್ಲವಾದುದರಿಂದ, ಉದಾರಿಗಳಾದ ನಮ್ಮ ಮ್ಯಾನೇಜರರು ಹಳೆಯ ನಾಲ್ಕು ಕೋಲುಗಳನ್ನು ಕೊಟ್ಟು ನನ್ನನ್ನು ಆಡಲು ಬಿಟ್ಟರು. ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಅಂಗಳಕ್ಕೆ ಇಂಗ್ಲಿಷಿನಲ್ಲಿ ‘ಗ್ರೀನ್’ ಎನ್ನುತ್ತಾರಷ್ಟೆ. ನಮ್ಮಲ್ಲಿ ಹುಲ್ಲಿರಲಿಲ್ಲ; ಎಣ್ಣೆ ಬೆರೆಸಿದ ಮರಳನ್ನು ಹರಡಿ ಅದಕ್ಕೆ ‘ಬ್ರೌನ್’ ಎಂದು ಹೆಸರಿಟ್ಟುಕೊಂಡಿದ್ದೆವು. ಒಬ್ಬರ ಆಟ ಮುಗಿದೊಡನೆ ಹುಡುಗನೊಬ್ಬ ಗೋಣಿಚೀಲವನ್ನು ಅದರ ಮೇಲೆ ಎಳೆದು ಹೆಜ್ಜೆಗುರುತುಗಳನ್ನು ಅಳಿಸುತ್ತಿದ್ದ. ನಾನು ಕಲಿತದ್ದು ಅಲ್ಲಿ; ಕಲಿತದ್ದೂ ಅಷ್ಟಕ್ಕಷ್ಟೆ.

ಆದರೂ ಈ ಆಟದ ಒಂದು ಗುಣ ನನ್ನನ್ನು ಆಗಲೇ ಹಿಡಿದುಕೊಂಡಿತು. ಕ್ರಿಕೆಟ್ಟಿನ ಪಿಚ್ಚು ಎಲ್ಲಿಗೆ ಹೋದರೂ 22 ಗಜ. ಟೆನಿಸ್ ಅಂಗಳದ ಅಳತೆ ಮದರಾಸಿನಲ್ಲಿಯೂ ಲಂಡನ್ನಿನಲ್ಲಿಯೂ ಒಂದೇ. ಗಾಲ್ಫ್ ಮೈದಾನಕ್ಕೆ ಅಂಥ ಕಟ್ಟಳೆಯಿಲ್ಲ. ‘ಟೀ’ ಎಂಬ ಕಟ್ಟೆಯಿಂದ ಚೆಂಡನ್ನು ಹೊಡೆದು, ಸಾಧ್ಯವಾದಷ್ಟು ಕಡಿಮೆ ಪೆಟ್ಟುಗಳಲ್ಲಿ ದೂರದ ಕುಳಿಗೆ ಬೀಳಿಸಬೇಕು, ಅಷ್ಟೆ. ಹೀಗೆ ಹದಿನೆಂಟು ಸಲ. ನಡುವೆ ಏನಿರಬೇಕು, ದಾರಿ ಎತ್ತ ತಿರುಗಬೇಕು, ಎಲ್ಲಿ ಮರಳಿನ ಗುಂಡಿ, ಎಲ್ಲಿ ನೀರು ಎಂಬುದೆಲ್ಲ ಆ ನೆಲಕ್ಕೂ ಅದನ್ನು ರೂಪಿಸಿದವನಿಗೂ ಬಿಟ್ಟ ಸಂಗತಿ. ಈ ಆಟದಲ್ಲಿ ಮೈದಾನಕ್ಕೂ ಒಬ್ಬ ಕರ್ತೃ ಇರುತ್ತಾನೆ. ಆದುದರಿಂದ ಒಂದು ಕಾವ್ಯವನ್ನೋ ಕಾದಂಬರಿಯನ್ನೋ ವಿಮರ್ಶಿಸುವ ಹಾಗೆ ಮೈದಾನವನ್ನೂ ವಿಮರ್ಶಿಸಬಹುದು. ಒಂದು ಮೈದಾನದ ವಿಚಾರದಲ್ಲಿ ಆ ಕೆಲಸವನ್ನು ಇಂದು ನಾನು ಮಾಡಲು ಹೊರಟಿದ್ದೇನೆ.

ನನ್ನ ಮಗಳು ಕೆನಡಾ ದೇಶದ ಎಡ್ಮಂಟನ್ ನಗರದಲ್ಲಿದ್ದಾಳೆ. 2018ರ ಜುಲೈನಲ್ಲಿ ನಾನು ಅಲ್ಲಿಗೆ ಹೋದಾಗ ಅಳಿಯ, “ಮಾವ, ಬೆಟ್ಟದ ಕಡೆ ಹೋಗೋಣ, ನಿಮ್ಮ ಆಟಕ್ಕೂ ಅಲ್ಲಿ ಜಾಗವುಂಟು” ಎಂದು ಪಶ್ಚಿಮಕ್ಕೆ ಮುನ್ನೂರೈವತ್ತು ಕಿಲೋಮೀಟರಿಗೂ ಮೇಲ್ಪಟ್ಟು ಕಾರಿನಲ್ಲಿ ಕರೆದೊಯ್ದರು. ರಾಕಿ ಪರ್ವತಗಳ ನಡುವೆ, ಅಥಬಾಸ್ಕಾ ನದಿಯ ಕಣಿವೆಯಲ್ಲಿ ಜಾಸ್ಪರ್ ಎಂಬ ಪುಟ್ಟ ಊರಿದೆ. ನದಿಯ ಆಚೆ ದಡದಲ್ಲಿ, ಹಸುರುನೀಲಿ ಬಣ್ಣದ ಬೋವೇರ್ ಸರೋವರದ ಪಕ್ಕದಲ್ಲಿ, 1922ರಲ್ಲಿ ಕೆನಡಾದ ರಾಷ್ಟ್ರೀಯ ರೈಲ್ವೆಯವರು ಮರದ ದಿಮ್ಮಿಗಳ ಒಂದು ವಿಶ್ರಾಂತಿಧಾಮವನ್ನು ತೆರೆದರು. ರೈಲು ಹಾಕಿದವರಿಗೆ ಪ್ರಯಾಣಿಕರು ಬೇಕು, ಪ್ರಯಾಣಿಕರಿಗೆ ಬಂದ ಮೇಲೆ ಮಾಡಲೊಂದು ಕೆಲಸ ಬೇಕು. ರೈಲ್ವೆಯ ಅಧ್ಯಕ್ಷರಾಗಿದ್ದ ಸರ್ ಹೆನ್ರಿ ಥಾರ್ನ್‌ಟನ್ನರು ಗಾಲ್ಫ್ ಮೈದಾನವೊಂದನ್ನು ಮಾಡಿಸುವ ಮನಸ್ಸು ಮಾಡಿ, ಆ ಕೆಲಸವನ್ನು ಸ್ಟ್ಯಾನ್ಲಿ ಥಾಮ್ಸನ್ ಎಂಬುವನಿಗೆ ಒಪ್ಪಿಸಿದರು.

ಈ ಥಾಮ್ಸನ್ 1893ರಲ್ಲಿ ಟೊರಾಂಟೊದಲ್ಲಿ ಹುಟ್ಟಿದವನು. ಐವರು ಅಣ್ಣತಮ್ಮಂದಿರೂ ಗಾಲ್ಫಿನಲ್ಲಿ ಹೆಸರಾದವರೇ. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿದಳದಲ್ಲಿದ್ದು ಮರಳಿದ ಮೇಲೆ ಇವನು ಆಡುವುದಕ್ಕಿಂತ ಮೈದಾನ ಕಟ್ಟುವುದರಲ್ಲಿ ಕೀರ್ತಿ ಪಡೆದನು. ದುಂದುಗಾರ, ಪಾನಪ್ರಿಯ, ಮಾತುಗಾರ. ಗಳಿಸಿದ್ದೆಲ್ಲವನ್ನೂ ಕಳೆದು 1953ರಲ್ಲಿ ತೀರಿಕೊಂಡನು. ಜಾಸ್ಪರಿನ ಮೈದಾನವನ್ನು ಅವನು ಮುಗಿಸಿದ್ದು 1925ರಲ್ಲಿ, ಮೂವತ್ತರ ಆಸುಪಾಸಿನ ಹರೆಯದಲ್ಲಿ.

ಬೆಟ್ಟದ ಮೇಲೆ ಗಾಲ್ಫ್ ಮೈದಾನ ಮಾಡುವುದು ಸುಲಭದ ಕೆಲಸವಲ್ಲ. ಇಳಿಜಾರಿನಲ್ಲಿ ಚೆಂಡು ನಿಲ್ಲದು, ಬಂಡೆಯ ಮೇಲೆ ಹುಲ್ಲು ನಿಲ್ಲದು, ಏರಿನಲ್ಲಿ ಆಡುವವನ ಉಸಿರು ನಿಲ್ಲದು. ಇದಕ್ಕೆ ಸಾಧಾರಣ ಕುಶಲಿ ಎರಡರಲ್ಲಿ ಒಂದು ತಪ್ಪನ್ನು ಮಾಡುತ್ತಾನೆ. ಒಂದೋ ಗುಡ್ಡವನ್ನು ಕಡಿದು ಮೆಟ್ಟಿಲು ಮಾಡಿ, ಬಯಲುಸೀಮೆಯ ಮೈದಾನವನ್ನೇ ತುಂಡುತುಂಡಾಗಿ ಅಲ್ಲಿ ಜೋಡಿಸುತ್ತಾನೆ. ಇಲ್ಲವೋ ಶಿಖರಗಳನ್ನು ಗೋಡೆಯ ಮೇಲಣ ಕ್ಯಾಲೆಂಡರಿನ ಚಿತ್ರದಂತೆ ಹಿಂದೆ ನಿಲ್ಲಿಸಿಕೊಂಡು ಸುಮ್ಮನಾಗುತ್ತಾನೆ. ಆಟಕ್ಕೂ ಬೆಟ್ಟಕ್ಕೂ ಸಂಬಂಧವೇ ಇರುವುದಿಲ್ಲ. ಥಾಮ್ಸನ್ ಈ ಎರಡನ್ನೂ ಮಾಡಲಿಲ್ಲ. ಮೈದಾನವನ್ನು ಕಣಿವೆಯ ತಳದಲ್ಲಿಯೇ ಇರಿಸಿ, ಬೆಟ್ಟವನ್ನು ಆಟಗಾರನ ಎದುರಾಳಿಯನ್ನಾಗಿ ನಿಲ್ಲಿಸಿದನು. ಹೇಗೆಂಬುದೇ ನನ್ನ ಮಾತಿನ ಮುಖ್ಯಾಂಶ.

ಎತ್ತರದ ಪ್ರದೇಶದಲ್ಲಿ ಗಾಳಿ ತೆಳುವಾದುದರಿಂದ ಚೆಂಡು ಹೆಚ್ಚು ದೂರ ಹೋಗುತ್ತದೆಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಜಾಸ್ಪರ್ ಸಮುದ್ರಮಟ್ಟಕ್ಕಿಂತ ಸುಮಾರು 1,060 ಮೀಟರ್ ಮೇಲಿದೆ; ನೂರು ಗಜಕ್ಕೆ ಮೂರೋ ನಾಲ್ಕೋ ಗಜ ಲಾಭ. ಆದರೆ ನಮ್ಮ ಬೆಂಗಳೂರೇ 900 ಮೀಟರಿನ ಮೇಲಿರುವಾಗ ನಮಗೆ ಅದರಲ್ಲಿ ಹೊಸತೇನು? ನನ್ನ ಕಾಫಿ ಸೀಮೆಯ ಗಾಳಿಯೂ ಅಂಥದೇ. ನನ್ನ ಚೆಂಡು ಅಲ್ಲಿ ಹಾರುತ್ತಿದ್ದ ಹಾಗೆಯೇ ಇಲ್ಲಿಯೂ ಹಾರಿತು. ಹಾಗಿದ್ದೂ ಮೊದಲ ಐದು ಕುಳಿಗಳಲ್ಲಿ ನಾನು ಹೊಡೆದ ಒಂದು ಚೆಂಡೂ ಗುರಿಯನ್ನು ಮುಟ್ಟಲಿಲ್ಲ. ಎಲ್ಲವೂ ಮುಂಚೆಯೇ ಬಿದ್ದವು. ಬೆಟ್ಟ ಚೆಂಡಿಗೆ ಏನನ್ನೂ ಮಾಡಿರಲಿಲ್ಲ. ಕಣ್ಣಿಗೆ ಮಾಡಿತ್ತು.

ಅಂದು ನನ್ನ ಜೊತೆ ಆಡಿದವರು ಆ ಊರಿನವರೇ ಆದ ಒಬ್ಬ ನಿವೃತ್ತ ರೈಲು ಚಾಲಕರು. ಒಂಟಿಯಾಗಿ ಬಂದವರನ್ನು ಅಲ್ಲಿ ಜೋಡಿ ಮಾಡಿ ಕಳುಹಿಸುತ್ತಾರೆ. ಮಾತು ಕಡಿಮೆ, ನಡಿಗೆ ಚುರುಕು. ಐದನೆಯ ಕುಳಿಯಾದ ಮೇಲೆ ಅವರು, “ನೀವು ಬೆಟ್ಟವನ್ನು ನೋಡಿ ಹೊಡೆಯುತ್ತಿದ್ದೀರಿ. ಇಲ್ಲಿ ಹಾಗೆ ಮಾಡಬಾರದು. ಕಲ್ಲಿನ ಮೇಲೆ ಬರೆದಿರುವ ಗಜಗಳನ್ನು ಓದಿ, ಅದನ್ನು ನಂಬಿ” ಎಂದರು. ಅಲ್ಲಿಂದ ಮುಂದೆ ನಾನು ಮೈದಾನವನ್ನು ಬೇರೆ ರೀತಿಯಲ್ಲಿ ನೋಡತೊಡಗಿದೆ.

ಥಾಮ್ಸನ್ ಹಲವು ಕುಳಿಗಳ ದಾರಿಯನ್ನು ಒಂದೊಂದು ಶಿಖರದ ಕಡೆಗೆ ನೇರವಾಗಿ ಹೊಂದಿಸಿದ್ದಾನೆ. ಟೀಯ ಮೇಲೆ ನಿಂತವನಿಗೆ ಎರಡು ಕಡೆಯ ಪೈನ್ ಮರಗಳ ನಡುವೆ, ಬಾಗಿಲ ಚೌಕಟ್ಟಿನಲ್ಲಿ ನಿಂತಂತೆ, ಪರ್ವತ ಕಾಣುತ್ತದೆ. ಎರಡು ಸಾವಿರದ ಏಳುನೂರು ಮೀಟರಿನ ಒಂದು ರಾಶಿ ಎದುರಿಗೆ ನಿಂತಾಗ, ಅದರ ಬುಡದಲ್ಲಿರುವ ಬಾವುಟದ ಕೋಲು ಎಷ್ಟು ದೂರವಿದೆ ಎಂಬ ಅಂದಾಜು ಯಾರಿಗೂ ಸಿಗುವುದಿಲ್ಲ. ಅಲ್ಲಿನ ಗಾಳಿಯೂ ತಿಳಿ. ಎಲ್ಲವೂ ಕೈಗೆಟುಕುವಂತೆ ತೋರುತ್ತದೆ. ಇದು ಬೆಟ್ಟ ತಾನಾಗಿಯೇ ಹೇಳುವ ಸುಳ್ಳು. ಅದರ ಮೇಲೆ ಥಾಮ್ಸನ್ ತನ್ನದನ್ನೂ ಸೇರಿಸುತ್ತಾನೆ. ಗ್ರೀನಿಗೆ ಅಂಟಿಕೊಂಡಿರುವಂತೆ ಕಾಣುವ ಮರಳುಗುಂಡಿ, ಹತ್ತಿರ ಹೋಗಿ ನೋಡಿದರೆ, ಅದರಿಂದ ಇಪ್ಪತ್ತು ಇಪ್ಪತ್ತೈದು ಹೆಜ್ಜೆ ಈಚೆಗಿರುತ್ತದೆ. ನಡುವೆ ಒಂದು ತಗ್ಗು. ಟೀಯಿಂದ ಅದು ಕಾಣದು. ಕಣ್ಣಿಗೆ ಇಲ್ಲದ ಆ ಇಪ್ಪತ್ತು ಹೆಜ್ಜೆಗಳಲ್ಲಿ ನನ್ನ ಚೆಂಡುಗಳೆಲ್ಲ ಹೋಗಿ ಕುಳಿತಿದ್ದವು. ಮರಳುಗುಂಡಿಗಳ ಅಂಚುಗಳನ್ನಾದರೂ ನೋಡಿ: ಅವು ದುಂಡಗಿಲ್ಲ, ಬೆರಳುಗಳಂತೆ ಮೇಲಕ್ಕೆ ಚಾಚಿಕೊಂಡಿವೆ. ತಲೆಯೆತ್ತಿದರೆ ಬೆಟ್ಟದ ಸಂದುಗಳಲ್ಲಿ ಉಳಿದ ಹಿಮವೂ ಅದೇ ಆಕಾರದಲ್ಲಿರುತ್ತದೆ. ಕೆಳಗಣ ಬಿಳಿ ಮರಳು, ಮೇಲಣ ಬಿಳಿ ಹಿಮ. ಎಲ್ಲಿ ಮೈದಾನ ಮುಗಿದು ಎಲ್ಲಿ ಪರ್ವತ ಮೊದಲಾಯಿತೆಂಬುದು ಗೊತ್ತಾಗಬಾರದು, ಅದು ಅವನ ಹಂಚಿಕೆ.

ಗ್ರೀನಿನ ಮೇಲೂ ಇದೇ ಪಾಡು. ಬಲಕ್ಕೆ ಇಳಿಜಾರಿದೆ ಎಂದು ಕಣ್ಣು ಆಣೆಯಿಟ್ಟು ಹೇಳುತ್ತದೆ. ಚೆಂಡು ಎಡಕ್ಕೆ ಉರುಳುತ್ತದೆ. ಇಡೀ ಕಣಿವೆಯೇ ಒಂದು ಕಡೆಗೆ ವಾಲಿರುವಾಗ, ಅದರೊಳಗೆ ನಿಂತವನಿಗೆ ಮಟ್ಟವೆಂಬುದು ಎಲ್ಲಿಂದ ಸಿಗಬೇಕು? “ಬೆಟ್ಟ ಚೆಂಡನ್ನು ದೂಡುತ್ತದೆ ಎಂದು ತಿಳಿದುಕೊಳ್ಳಿ, ಸಾಕು” ಎಂದರು ಚಾಲಕರು.

ಈ ಮೈದಾನದಲ್ಲಿ ಎಲ್ಲರೂ ಹೇಳುವುದು ಒಂಬತ್ತನೆಯ ಕುಳಿಯ ವಿಚಾರ. ಅದಕ್ಕೆ ಕ್ಲಿಯೋಪಾತ್ರ ಎಂದು ಹೆಸರು. ಎತ್ತರದ ಟೀ, ಕೆಳಗೆ, ಹಿಂದಿನ ಟೀಯಿಂದ ಎಣಿಸಿದರೆ ಸುಮಾರು 230 ಗಜದ ಆಚೆ, ಗ್ರೀನು, ಅದರ ನೇರ ಹಿಂದೆ ಪಿರಮಿಡ್ ಎಂಬ ಕೆಂಗಂದು ಪರ್ವತ. ಈಜಿಪ್ಟಿನ ಪಿರಮಿಡ್ಡಿಗೆ ಈಜಿಪ್ಟಿನ ರಾಣಿ ಜೊತೆಯಾದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಹೆಸರಿನ ಹಿಂದೆ ಒಂದು ಕಥೆಯನ್ನೂ ಹೇಳುತ್ತಾರೆ. ಥಾಮ್ಸನ್ ಆ ದಾರಿಯ ಏರುತಗ್ಗುಗಳನ್ನು ಒಬ್ಬ ಹೆಂಗಸು ಒರಗಿ ಮಲಗಿದಂತೆ ರೂಪಿಸಿದ್ದನಂತೆ. ಉದ್ಘಾಟನೆಯ ಹೊತ್ತಿಗೆ ಥಾರ್ನ್‌ಟನ್ನರು ಟೀಯ ಮೇಲೆ ಬಂದು ನಿಂತು, ಕೆಳಗೆ ನೋಡಿ, ಕ್ಷಣಕಾಲ ಮಾತಿಲ್ಲದೆ ನಿಂತರಂತೆ. ಮರ್ಯಾದಸ್ಥರ ಹೆಂಗಸರೂ ಮಕ್ಕಳೂ ಬರುವ ಜಾಗದಲ್ಲಿ ಇದೇನೆಂದು ಅವರು ಕೆರಳಲು, ಥಾಮ್ಸನ್ ಬಹಳ ನೊಂದವನಂತೆ ಮುಖ ಮಾಡಿಕೊಂಡು ಕೆಲವು ದಿಬ್ಬಗಳನ್ನು ಚಪ್ಪಟೆ ಮಾಡಿಸಿದನಂತೆ. ದಿಬ್ಬಗಳು ಹೋದವು, ಹೆಸರು ಉಳಿಯಿತು. ಇದರಲ್ಲಿ ಎಷ್ಟು ನಿಜ, ಎಷ್ಟು ಹೋಟೆಲಿನ ಹರಟೆ ಎಂಬುದನ್ನು ನಾನು ಕೆದಕಲು ಹೋಗುವುದಿಲ್ಲ. ಗೆಳೆಯರನ್ನು ನಗಿಸಿದ ಈ ತುಂಟತನಕ್ಕಿಂತ ಅವನ ಗಂಭೀರವಾದ ಕುಶಲತೆ ಅದೇ ಜಾಗದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಟೀ ಎತ್ತರದಲ್ಲಿ, ಗ್ರೀನು ತಗ್ಗಿನಲ್ಲಿ. ಇಳಿಜಾರಿನಲ್ಲಿ ಚೆಂಡು ದೂರ ಹೋಗುತ್ತದೆಂದು ಬುದ್ಧಿ ಹೇಳುತ್ತದೆ. ಬುದ್ಧಿ ಸರಿಯೇ. ಆದರೆ ಪರ್ವತ ಆ ಗ್ರೀನನ್ನು ನಮ್ಮ ಕಡೆಗೆ ಎಳೆದು ತಂದು ನಿಲ್ಲಿಸಿರುತ್ತದೆ. ಎರಡು ಸುಳ್ಳುಗಳ ನಡುವೆ ಒಂದು ನಿಜವನ್ನು ಆರಿಸಬೇಕು.

ನಮ್ಮಂಥ ವಯಸ್ಸಾದವರಿಗೆ ಟೀ ಸಾಕಷ್ಟು ಮುಂದಿತ್ತು. ನಾನು ಕಬ್ಬಿಣದ ಕೋಲನ್ನು ಕೈಗೆತ್ತಿಕೊಂಡೆ. ಚಾಲಕರು ತಲೆಯಲ್ಲಾಡಿಸಿ ನನ್ನ ಚೀಲದಲ್ಲಿದ್ದ ದೊಡ್ಡ ಮರದ ಕೋಲನ್ನು ತೋರಿಸಿದರು. ಅಭಿಮಾನ ಅಡ್ಡ ಬಂದಿತು. ನಲವತ್ತು ವರ್ಷ ಲೆಕ್ಕ ಬರೆದವನು ಇಷ್ಟು ದೂರವನ್ನು ಅಳೆಯಲಾರೆನೇ ಎಂದುಕೊಂಡು ಹೊಡೆದೆ. ಅಂದಿನ ದಿನದ ಅತ್ಯುತ್ತಮ ಹೊಡೆತ ಅದು. ಚೆಂಡು ಪರ್ವತದ ಮೈಯ ಮೇಲೆ ಒಂದು ಬಿಳಿ ಚುಕ್ಕಿಯಾಗಿ ನಿಂತು, ಆಮೇಲೆ ನಿಧಾನವಾಗಿ ಇಳಿದು, ನಾನು ನೋಡಿಯೇ ಇರದ ಒಂದು ತಗ್ಗಿನಲ್ಲಿ ಮಾಯವಾಯಿತು. ಮೂರು ಪೆಟ್ಟಿನಲ್ಲಿ ಮುಗಿಸಬೇಕಾದ ಕುಳಿಯನ್ನು ನಾನು ಐದರಲ್ಲಿ ಮುಗಿಸಿದೆ. ಆ ಹೊಡೆತದ ಬಗ್ಗೆ ನನಗೆ ಈಗಲೂ ದುಃಖವಿಲ್ಲ.

ಹದಿನಾಲ್ಕರಿಂದ ಹದಿನಾರರವರೆಗಿನ ಮೂರು ಕುಳಿಗಳು ಸರೋವರಕ್ಕೆ ಚಾಚಿಕೊಂಡ ನೆಲದ ಮೇಲಿವೆ. ಹದಿನಾಲ್ಕರಲ್ಲಿ ನೀರಿನ ಮೇಲಿಂದಲೇ ಹೊಡೆಯಬೇಕು. ಎಷ್ಟು ನೀರನ್ನು ದಾಟಿಸುವ ಧೈರ್ಯವಿದೆಯೋ ಅಷ್ಟೂ ದಾರಿ ಉಳಿಯುತ್ತದೆ. ಇದು ಚೆಲುವಾದ ಕಲ್ಪನೆ, ಆದರೆ ಬೇರೆಡೆಯಲ್ಲಿಯೂ ಇರುವಂಥದು. ನನಗೆ ಹಿಡಿಸಿದ್ದು ಹದಿನೈದು. ಅದರ ಹೆಸರು ‘ಕೆಟ್ಟ ಕೂಸು’. ನೂರ ನಲವತ್ತು ಗಜವೂ ಇಲ್ಲ. ಅಂಗೈಯಗಲದ ಗ್ರೀನನ್ನು ದಿಬ್ಬದ ಮೇಲೆ ಕೂರಿಸಿದ್ದಾನೆ. ಚೆಂಡು ಸ್ವಲ್ಪ ಅತ್ತಿತ್ತ ಬಿದ್ದರೂ ಕೂಸು ಅದನ್ನು ತಳ್ಳಿ ಕೆಳಕ್ಕೆ ಉರುಳಿಸುತ್ತದೆ. ಬೃಹತ್ತಾದುದರ ನಡುವೆ ಒಂದು ಸಣ್ಣ ಹಟ. ಹಾಸ್ಯಪ್ರಜ್ಞೆಯಿಲ್ಲದವನಿಗೆ ಇದು ಹೊಳೆಯುತ್ತಿರಲಿಲ್ಲ.

ದೋಷಗಳಿಲ್ಲವೇ? ಇವೆ. ಇಂದಿನ ಕೋಲುಗಳಿಂದ ಹೊಡೆಯುವ ಹುಡುಗರು ಥಾಮ್ಸನ್ ತೋಡಿಸಿದ ಹಲವು ಗುಂಡಿಗಳ ಮೇಲಿಂದ ಲೀಲಾಜಾಲವಾಗಿ ಹಾರಿಸಿಬಿಡುತ್ತಾರೆ. ಅವು ಅವರಿಗೆ ಬರಿಯ ಅಲಂಕಾರ. ಒಂದು ಗ್ರೀನಿನಿಂದ ಮುಂದಿನ ಟೀಗೆ ನಾಲ್ಕೇ ಹೆಜ್ಜೆ ಇರುವಂತೆ, ನಡೆದಾಡಲೆಂದೇ ಕಟ್ಟಿದ ಮೈದಾನದಲ್ಲಿ ಅರ್ಧ ಜನ ಮೋಟಾರು ಬಂಡಿಯಲ್ಲಿ ಕುಳಿತು ಹೋಗುವುದನ್ನು ಕಂಡು ನನಗೆ ಬೇಸರವಾಯಿತು. ಶುಲ್ಕದ ವಿಚಾರ ಬೇಡ. ಅಳಿಯಂದಿರು ಅದನ್ನು ನನಗೆ ಹೇಳಲಿಲ್ಲ, ಮಗಳು ಹೇಳಿದಳು.

ಇದೇ ಥಾಮ್ಸನ್ 1928ರಲ್ಲಿ, ದಕ್ಷಿಣಕ್ಕಿರುವ ಬಾನ್ಫ್ ಎಂಬಲ್ಲಿ ಇದಕ್ಕಿಂತ ಹೆಸರಾದ ಮತ್ತೊಂದು ಮೈದಾನವನ್ನು ಮಾಡಿದನು. ಅಲ್ಲಿ ನಾನು ಆಡಲಿಲ್ಲ, ಸುತ್ತಿ ನೋಡಿದೆ. ರಂಡಲ್ ಪರ್ವತದ ಕಲ್ಲುಗೋಡೆಯ ಕೆಳಗೆ, ಕಪ್ಪು ಕೊಳವೊಂದರ ಆಚೆ ಗ್ರೀನನ್ನಿಟ್ಟ ‘ಸೈತಾನನ ಕೊಪ್ಪರಿಗೆ’ ಎಂಬ ಕುಳಿಯ ಚಿತ್ರ ಎಲ್ಲ ಪುಸ್ತಕಗಳಲ್ಲಿಯೂ ಇದೆ. ಅದು ಭವ್ಯವೇ. ಆದರೆ ಅಲ್ಲಿ ಬೆಟ್ಟ ಅರಚುತ್ತದೆ, ಇಲ್ಲಿ ಪಿಸುಗುಡುತ್ತದೆ. ಅಲ್ಲದೆ 1989ರಲ್ಲಿ ಹೊಸ ಕ್ಲಬ್ಬಿನ ಮನೆಯನ್ನು ಬೇರೆ ಕಡೆ ಕಟ್ಟಿ, ಕುಳಿಗಳ ಅನುಕ್ರಮವನ್ನೇ ಬದಲಿಸಿಬಿಟ್ಟರು. ಹೋಟೆಲಿನ ಕೆಳಗಿನಿಂದ ಸ್ಪ್ರೇ ನದಿಯನ್ನು ದಾಟಿಸಿ ಹೊಡೆಯುವ ಮೊದಲ ಹೊಡೆತ ಈಗ ಹದಿನೈದನೆಯ ಕುಳಿಯಲ್ಲಿದೆ. ಕಾದಂಬರಿಯ ಮೊದಲ ಅಧ್ಯಾಯವನ್ನು ಕಿತ್ತು ಕೊನೆಯ ಹತ್ತಿರಕ್ಕೆ ಹೊಲಿದರೆ ಕಥೆ ಕೆಡುವುದಿಲ್ಲವೆಂದು ಯಾರಾದರೂ ವಾದಿಸಬಹುದು, ಬರೆದವನು ಒಪ್ಪುತ್ತಾನೆಯೇ? ಜಾಸ್ಪರಿನವರು ಇದಕ್ಕೆ ತದ್ವಿರುದ್ಧವಾಗಿ, 1994ರಲ್ಲಿ ಥಾಮ್ಸನ್ನನ ಮೂಲ ನಕ್ಷೆಗಳನ್ನು ಮುಂದಿಟ್ಟುಕೊಂಡು, ಕಾಲಕ್ರಮದಲ್ಲಿ ರೂಪಗೆಟ್ಟಿದ್ದ ಗುಂಡಿಗಳನ್ನು ಸರಿಪಡಿಸಿದರು.

ಆಟ ಮುಗಿದಾಗ ರಾತ್ರಿ ಒಂಬತ್ತು. ಆ ಅಕ್ಷಾಂಶದಲ್ಲಿ ಜುಲೈನ ಬೆಳಕು ಇನ್ನೂ ಒಂದು ಗಂಟೆಯಷ್ಟಿತ್ತು. ಹದಿನೆಂಟನೆಯ ಗ್ರೀನಿನ ಪಕ್ಕದಲ್ಲಿ ಎಲ್ಕ್ ಎಂಬ ಭಾರಿ ಜಿಂಕೆಗಳು ಮೇಯುತ್ತಿದ್ದವು. ಎಷ್ಟು ಸಹಜವಾದ ಜಾಗ ಎಂದೆ ನಾನು. ಚಾಲಕರು ನಕ್ಕರು.

ಸಹಜವೇನು ಬಂತು! 1924ರಲ್ಲಿ ಇನ್ನೂರು ಆಳುಗಳೂ ಐವತ್ತು ಜೋಡಿ ಕುದುರೆಗಳೂ ಒಂದು ಇಡೀ ಕಾಲ ಇಲ್ಲಿ ಮರ ಕಡಿದು ಬಂಡೆ ಎಳೆದಿದ್ದರು. ನಾನು ಸ್ವಾಭಾವಿಕವೆಂದು ಮೆಚ್ಚಿದ ದಿಬ್ಬಗಳಲ್ಲಿ ಎಷ್ಟೋ ಆ ಬಂಡೆಗಳನ್ನು ಗುಡ್ಡೆ ಹಾಕಿ ಮಣ್ಣು ಮುಚ್ಚಿದವು. ಇದರಿಂದ ನನಗೆ ಥಾಮ್ಸನ್ನನ ಮೇಲೆ ಮೆಚ್ಚಿಕೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಶ್ರಮ ಕಾಣದಂತೆ ಮಾಡುವುದು ಕಲೆಯ ಧರ್ಮವೇ ಅಲ್ಲವೇ?

ಆದರೆ ಮರುದಿನ ಅವರು ನಮ್ಮನ್ನು ಕರೆದೊಯ್ದು ತೋರಿಸಿದ ಇನ್ನೊಂದು ಸಂಗತಿಯನ್ನು ಅಷ್ಟು ಸುಲಭವಾಗಿ ಮೆಚ್ಚಿಕೆಯ ಖಾತೆಗೆ ಬರೆಯಲಾಗಲಿಲ್ಲ. ಊರಿನಿಂದ ಈಶಾನ್ಯಕ್ಕೆ, ಅಥಬಾಸ್ಕಾ ನದಿಯ ಪೂರ್ವದ ದಡದಲ್ಲಿ, ಹುಲ್ಲುಗಾವಲಿನ ನಡುವೆ ದಿಮ್ಮಿಯ ಹಳೆಯ ಮನೆಯೊಂದಿದೆ. ಜಾನ್ ಮೋಬರ್ಲಿ ಎಂಬುವನ ಮನೆ. ಈ ಮೋಬರ್ಲಿಗಳು ಮೇಟಿ ಎಂಬ ಜನ. ತುಪ್ಪುಳ ಚರ್ಮದ ವ್ಯಾಪಾರಕ್ಕೆ ಬಂದ ಐರೋಪ್ಯರಿಗೂ ಅಲ್ಲಿನ ಮೂಲನಿವಾಸಿ ಸ್ತ್ರೀಯರಿಗೂ ಹುಟ್ಟಿದ ಸಂತತಿ. ಕುದುರೆ ಸಾಕಿ, ಬೇಸಾಯ ಮಾಡಿ, ಬೇಟೆಯಾಡಿ ಆ ಕಣಿವೆಯಲ್ಲಿ ಬಾಳುತ್ತಿದ್ದರು. 1907ರಲ್ಲಿ ಸರಕಾರ ಕಣಿವೆಯನ್ನು ಅರಣ್ಯೋದ್ಯಾನವೆಂದು ಸಾರಿತು. 1909-10ರಲ್ಲಿ ಆ ಕುಟುಂಬಗಳ ಮನೆ, ಬೇಲಿಗಳಿಗೆ ಬೆಲೆ ಕಟ್ಟಿ, ಹೊರಟುಹೋಗುವಂತೆ ಮಾಡಲಾಯಿತು. ನೆಲಕ್ಕೆ ಬೆಲೆ ಕಟ್ಟಲಿಲ್ಲ. ನೆಲ ಅವರದೆಂದು ಕಾಗದದಲ್ಲಿರಲಿಲ್ಲ. ಲೂಯಿಸ್ ಸ್ವಿಫ್ಟ್ ಎಂಬ ಅಮೆರಿಕನ್ ನೆರೆಯವನೊಬ್ಬ ಏಳಲು ಒಪ್ಪದೆ ಪಟ್ಟುಹಿಡಿದು ತನ್ನ ನೆಲಕ್ಕೆ ಪತ್ರ ಮಾಡಿಸಿಕೊಂಡು ಉಳಿದನು. ಮೋಬರ್ಲಿಗಳು ಕುದುರೆಗಳನ್ನು ಹೊಡೆದುಕೊಂಡು ಹೋದರು. ಹಲವರು ಉತ್ತರದ ಗ್ರ್ಯಾಂಡ್ ಕ್ಯಾಶ್ ಕಡೆಯಲ್ಲಿ ನೆಲೆಸಿದರು.

ಗಾಲ್ಫ್ ಮೈದಾನಕ್ಕಾಗಿ ಅವರನ್ನು ಏಳಿಸಿದರೆಂದು ಹೇಳಿದರೆ ತಪ್ಪಾಗುತ್ತದೆ. ಹದಿನೈದು ವರ್ಷಗಳ ಅಂತರವಿದೆ, ಜಾಗವೂ ಬೇರೆ. ಆದರೆ ಥಾಮ್ಸನ್ ಬಂದಾಗ ಕಂಡದ್ದು ಒಕ್ಕಲಿಲ್ಲದ ಕಣಿವೆ, ಮನುಷ್ಯನ ಕೈ ಸೋಕದ ಪ್ರಕೃತಿ. ಅದೂ ಒಂದು ಕಣ್ಣುಕಟ್ಟೇ, ಅವನಿಗಿಂತ ಮುಂಚೆಯೇ ಯಾರೋ ಮಾಡಿಟ್ಟದ್ದು. ಗ್ರೀನಿನ ಮುಂದಿನ ತಗ್ಗು ಟೀಯಿಂದ ಕಾಣದ ಹಾಗೆ ಆ ಮನೆಯೂ ಮೈದಾನದಿಂದ ಕಾಣುವುದಿಲ್ಲ. ಲೆಕ್ಕ ಬರೆದವನಾದ ನನಗೆ ಇದನ್ನು ಬಿಟ್ಟು ಮೊತ್ತ ಹಾಕಲು ಮನಸ್ಸು ಬರಲಿಲ್ಲ. ಹಾಗೆಂದು ಮೈದಾನ ಚೆನ್ನಾಗಿಲ್ಲವೆಂದು ಹೇಳಲೂ ಆರೆ. ನಾನು ಕಂಡವುಗಳಲ್ಲೆಲ್ಲ ಅದೇ ಶ್ರೇಷ್ಠ.

ಆ ಬೇಸಗೆಯಲ್ಲಿಯೇ ಕಣಿವೆಯ ಪೈನ್ ಮರಗಳು ಗುಡ್ಡಗುಡ್ಡಗಳೇ ಕೆಂಪಾಗಿದ್ದವು. ನಾನು ಅದನ್ನು ಋತುವಿನ ಬಣ್ಣವೆಂದುಕೊಂಡೆ. ಚಾಲಕರು, ಅದು ತೊಗಟೆ ಕೊರೆಯುವ ಹುಳುವಿಗೆ ಸಿಕ್ಕಿ ಸತ್ತ ಕಾಡು ಎಂದರು. 2024ರ ಜುಲೈ 22ರ ರಾತ್ರಿ ಕಾಡ್ಗಿಚ್ಚಿನ ಭಯದಿಂದ ಊರನ್ನೆಲ್ಲ ತೆರವು ಮಾಡಿಸಿದರು. ಎರಡು ದಿನಗಳ ಮೇಲೆ ಬೆಂಕಿ ಊರಿನೊಳಕ್ಕೆ ಬಂದು ಸುಮಾರು ಮೂರರಲ್ಲಿ ಒಂದು ಪಾಲು ಕಟ್ಟಡಗಳನ್ನು ಸುಟ್ಟಿತು. ಸುದ್ದಿ ಕೇಳಿ ಮಗಳ ಮೂಲಕ ಚಾಲಕರನ್ನು ವಿಚಾರಿಸಿದೆ. ಬಹಳ ದಿನಗಳ ಮೇಲೆ ಉತ್ತರ ಬಂತು. ಮನೆ ಹೋಯಿತಂತೆ. ಗಾಲ್ಫ್ ಚೀಲ ಕಾರಿನಲ್ಲಿದ್ದುದರಿಂದ ಉಳಿಯಿತಂತೆ. ಮನೆಯಿದ್ದ ಜಾಗದಲ್ಲಿ ನಿಂತರೆ ಈಗ ಪಿರಮಿಡ್ ಪರ್ವತ ಬುಡದಿಂದ ತುದಿಯವರೆಗೆ ಕಾಣುತ್ತದೆ, ನಡುವೆ ಮರೆಯಾಗಿ ಏನೂ ಇಲ್ಲ, ತೀರ ಹತ್ತಿರವಿದೆಯೆಂದು ತೋರುತ್ತದೆ ಎಂದು ಬರೆದಿದ್ದರು.